ಸಹಿ ಹಾಕುವುದಕ್ಕೆ ಮುಂಚೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ರಜತ ಮಹೋತ್ಸವ ಎಂದರೆ ಹೊಗಳಿಕೆಯ ದಿನ. ಸಂಘ ಹುಟ್ಟಿದ್ದು ಹೇಗೆ, ಮೊದಲ ದಿನ ಬಂದ ಹಾಲೆಷ್ಟು, ಕಟ್ಟಡಕ್ಕೆ ಜಾಗ ಕೊಟ್ಟವರು ಯಾರು, ಇದನ್ನೆಲ್ಲ ನಮಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಹೇಳಿದ್ದಾರೆ. ನಮಗೆ ಕೊಟ್ಟಿರುವ ವಿಷಯ ‘ಸಮಾಜ ಸೇವೆ ಮತ್ತು ಸಹಕಾರ ಸಂಘ’. ಇದು ಬಹಳ ದೊಡ್ಡ ವಿಷಯ. ಅಷ್ಟನ್ನೂ ಹೇಳಲು ಹೊರಟರೆ ಸಂಜೆಯ ಹಾಲು ಕರೆಯುವ ಹೊತ್ತಾಗುತ್ತದೆ, ನೀವು ಎದ್ದು ಹೋಗುತ್ತೀರಿ. ಆದ್ದರಿಂದ ಅದರಲ್ಲಿ ಒಂದು ತುಂಡನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಒಳ್ಳೆಯ ಕೆಲಸ ಎಂದು ಯಾರಾದರೂ ಬಂದು ಬೆಂಬಲ ಕೇಳಿದಾಗ, ಬೆಂಬಲ ಕೊಡುವುದಕ್ಕೆ ಮುಂಚೆ ಆ ಕೆಲಸದ ವಿಚಾರ ತಿಳಿದುಕೊಳ್ಳುವ ಹೊಣೆ ಯಾರದು?

ಈ ತುಂಡನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಈ ಹೊತ್ತು ನಮ್ಮ ಸಂಘದ ಕಚೇರಿ ಮೇಜಿನ ಮೇಲೆ ಎರಡು ಮನವಿ ಪತ್ರಗಳಿವೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಾರಲ್ಲ, ಕೆ.ಸಿ. ವ್ಯಾಲಿ ನೀರು, ಅದನ್ನು ನಮ್ಮ ಕೆರೆಗೂ ಬೇಗ ತರಿಸಿ ಎಂದು ಒಂದು ಪತ್ರ ಕೇಳುತ್ತದೆ. ಆ ನೀರನ್ನು ಇನ್ನೂ ಒಂದು ಹಂತ ಶುದ್ಧಿ ಮಾಡುವ ತನಕ ನಮ್ಮ ಕೆರೆಗೆ ಬಿಡಕೂಡದು ಎಂದು ಇನ್ನೊಂದು ಕೇಳುತ್ತದೆ. ಎರಡನ್ನೂ ತಂದವರು ನಮ್ಮೂರಿನ ಹುಡುಗರೇ, ಊರಿಗೆ ಒಳ್ಳೆಯದಾಗಲಿ ಎಂದೇ ಓಡಾಡುತ್ತಿರುವವರು. ಅವರ ಬಗ್ಗೆ ಎರಡು ಮಾತಿಲ್ಲ. ಆದರೆ ಪತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಎರಡರಲ್ಲೂ ಸಹಿ ಇರುವವರು ಕೆಲವರಿದ್ದಾರೆ! (ನಗು.) ಹೆಸರು ಹೇಳುವುದಿಲ್ಲ, ಗಾಬರಿ ಬೇಡ. ಯಾಕಪ್ಪ ಹೀಗೆ ಎಂದು ಒಬ್ಬರನ್ನು ಕೇಳಿದ್ದಕ್ಕೆ, ‘ಎರಡೂ ಒಳ್ಳೇದಕ್ಕೇ ಅಂದ್ರು, ಹಾಕ್ದೆ’ ಎಂದರು.

ನಮ್ಮ ಡೈರಿಯ ಪದ್ಧತಿ ನಿಮಗೆಲ್ಲ ಗೊತ್ತು. ಹಾಲು ಯಾರ ಮನೆಯದೇ ಆಗಲಿ, ಅಧ್ಯಕ್ಷರ ಮನೆಯದೇ ಆಗಲಿ, ಲ್ಯಾಕ್ಟೋಮೀಟರ್ ಬಿಡದೆ, ಫ್ಯಾಟು ನೋಡದೆ ಕ್ಯಾನಿಗೆ ಸುರಿಯುವುದಿಲ್ಲ. ಮೊದಮೊದಲು ಇದಕ್ಕೂ ಜಗಳವಾಗುತ್ತಿತ್ತು. ‘ಏನಪ್ಪ, ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ಲವಾ?’ ಎಂದು ಹಿರಿಯರು ಮುನಿಸಿಕೊಂಡು ಹಾಲು ವಾಪಸು ಒಯ್ದದ್ದೂ ಉಂಟು. ಈಗ ಹಾಗೆ ಕೇಳುವವರಿಲ್ಲ. ಪರೀಕ್ಷೆ ಮಾಡುವುದು ಮನುಷ್ಯನಿಗೆ ಮಾಡುವ ಅವಮಾನವಲ್ಲ, ಗಟ್ಟಿ ಹಾಲು ತಂದವರಿಗೆ ಕೊಡುವ ಮರ್ಯಾದೆ ಎಂಬುದು ಬಟವಾಡೆಯ ದಿನ ಎಲ್ಲರಿಗೂ ಅರ್ಥವಾಯಿತು. ಇನ್ನೊಂದು ಸಂಗತಿ ಹಾಲು ಪರೀಕ್ಷಕರಿಗೆ ಚೆನ್ನಾಗಿ ಗೊತ್ತು. ಲ್ಯಾಕ್ಟೋಮೀಟರ್ ಒಂದನ್ನೇ ನೆಚ್ಚಿಕೊಂಡರೂ ಆಗುವುದಿಲ್ಲ. ನೀರು ಬೆರೆಸಿ ಮೇಲೆ ಒಂದಿಷ್ಟು ಸಕ್ಕರೆ ಹಾಕಿದರೆ ಡಿಗ್ರಿ ಸರಿಯಾಗಿಯೇ ಬರುತ್ತದೆ. ಸಕ್ಕರೆಗೆ ಬೇರೆ ಪರೀಕ್ಷೆ, ಯೂರಿಯಾಕ್ಕೆ ಬೇರೆ ಪರೀಕ್ಷೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅರ್ಧ ಲೀಟರ್ ಹಾಲಿಗೆ ಇಷ್ಟು ವಿಚಾರಣೆ ಮಾಡುವ ನಾವು, ಊರಿನ ನೀರು, ನೆಲ, ಮಕ್ಕಳ ವಿಚಾರಕ್ಕೆ ಬಂದರೆ ಕಣ್ಣು ಮುಚ್ಚಿಕೊಂಡು ಬೆಂಬಲ ಕೊಟ್ಟರೆ ಹೇಗೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆ ದನ ಸಾಕುವವರೇ ಕಟ್ಟಿದ್ದಿರಬೇಕು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ಸೀಮೆಯ ನೀಲಗಿರಿ ತೋಪುಗಳನ್ನು ನೋಡಿದರೆ ಸಾಕು.

ನೀಲಗಿರಿ ಆಸ್ಟ್ರೇಲಿಯಾ ದೇಶದ ಮರ. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟದ ತೋಟದಲ್ಲಿ ಇದನ್ನು ಮೊದಲು ನೆಟ್ಟರೆಂದು ಹೇಳುತ್ತಾರೆ. ಬಹಳ ಕಾಲ ಅದರ ಪಾಡಿಗೆ ಅದು ಇತ್ತು, ಅದರ ಸಲುವಾಗಿ ಯಾರೂ ಹೊಡೆದಾಡಲಿಲ್ಲ. ರಾಗಿ ಹೊಲಕ್ಕೂ ಗೋಮಾಳಕ್ಕೂ ಅದು ಇಳಿದದ್ದು ಈಚೆಗೆ. 1983ರಲ್ಲಿ ವಿಶ್ವ ಬ್ಯಾಂಕಿನ ಮತ್ತು ಬ್ರಿಟನ್ನಿನ ಹಣದ ನೆರವಿನಿಂದ ಕರ್ನಾಟಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ಹೆಸರು ನೋಡಿ, ಸಾಮಾಜಿಕ ಅರಣ್ಯ! ಬೇಡ ಎನ್ನುವವರು ಯಾರು? ಸೌದೆಗೆ ಮರ, ದನಕ್ಕೆ ಮೇವು, ಊರಿಗೆ ನೆರಳು ಎಂದೇ ಎಲ್ಲರೂ ತಿಳಿದರು. ‘ಕಾಡು ಬೆಳೆಸಿ ನಾಡು ಉಳಿಸಿ’ ಎಂದು ಶಾಲೆ ಗೋಡೆಗಳ ಮೇಲೆಲ್ಲ ಬರೆದಿತ್ತು. ಮಕ್ಕಳು ಮೆರವಣಿಗೆ ಹೋದವು.

ರೈತರು ನೀಲಗಿರಿ ಹಾಕಿದ್ದು ಬರೀ ಘೋಷಣೆ ಕೇಳಿ ಅಲ್ಲ, ಅದನ್ನೂ ಹೇಳಬೇಕು. ಅವರಿಗೆ ಅವರದೇ ಲೆಕ್ಕ ಇತ್ತು. ಈ ಗಿಡಕ್ಕೆ ದನ ಕುರಿ ಬಾಯಿ ಹಾಕುವುದಿಲ್ಲ, ಬೇಲಿ ಬೇಡ, ಕಾವಲು ಬೇಡ. ಕಳೆ ಕೀಳಲು ಆಳು ಹುಡುಕುವುದು ಬೇಡ. ಒಂದು ಸಲ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೆಂಗಳೂರಿನಲ್ಲಿ ಕಟ್ಟಡದ ಸೆಂಟ್ರಿಂಗಿಗೆ ಗಳ ಬೇಕು, ಕಾಗದದ ಮಿಲ್ಲಿಗೆ ಮರ ಬೇಕು. ಪೇಟೆಯಲ್ಲಿ ನೌಕರಿಯಲ್ಲಿದ್ದು ಊರಿನಲ್ಲಿ ಜಮೀನಿರುವವರಿಗೆ ಇದಕ್ಕಿಂತ ಸಲೀಸಾದ ಬೆಳೆ ಯಾವುದಿದೆ? ಈ ಲೆಕ್ಕದಲ್ಲಿ ಸುಳ್ಳೇನೂ ಇರಲಿಲ್ಲ. ಬಿಟ್ಟುಹೋದದ್ದು ಬೇರೆಯವರ ಲೆಕ್ಕ. ಆ ಹೊಲದಲ್ಲಿ ರಾಗಿ ಕೊಯ್ದು ಕಾಳು ಕೂಲಿ ತರುತ್ತಿದ್ದವರ ಲೆಕ್ಕ, ರಾಗಿ ಹುಲ್ಲಿನ ಲೆಕ್ಕ, ಪಕ್ಕದ ಹೊಲದ ಬಾವಿಯ ಲೆಕ್ಕ. ಹಸು ಸಾಕುವವರಿಗೆ ರಾಗಿ ಹುಲ್ಲಿನ ಬೆಲೆ ಏನೆಂದು ನಾವು ಹೇಳಬೇಕಾಗಿಲ್ಲ.

ಅದೇ 1983ರಲ್ಲಿ ಪಕ್ಕದ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. 1984ರಲ್ಲಿ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿಕೊಂಡವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನಿನಲ್ಲಿ ಕಾರ್ಖಾನೆಗೆ ಬೇಕಾದ ಮರ ಬೆಳೆಸುವುದು ಅದರ ಉದ್ದೇಶ. ಆ ಜಮೀನಿನಲ್ಲಿ ಊರಿನವರು ದನ ಮೇಯಿಸುತ್ತಿದ್ದರು, ಸೌದೆ ಆಯುತ್ತಿದ್ದರು. ಧಾರವಾಡ ಸೀಮೆಯ ಸಮಾಜ ಪರಿವರ್ತನ ಸಮುದಾಯದವರು ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಕಿತ್ತಿಕೋ ಎಂದರೆ ನೀಲಗಿರಿ ಕೀಳು, ಹಚ್ಚಿಕೋ ಎಂದರೆ ಊರಿಗೆ ಬೇಕಾದ ಗಿಡ ನೆಡು. ಆ ಕಂಪನಿ 1991ರಲ್ಲಿ ಮುಚ್ಚಿತು.

ನಮಗೆ ಈ ಹೋರಾಟದಲ್ಲಿ ಮೆಚ್ಚುಗೆಯಾಗುವುದು ಗಿಡ ಕಿತ್ತ ಗಲಾಟೆಯಲ್ಲ. ಗಿಡ ಯಾರು ಬೇಕಾದರೂ ಕೀಳಬಹುದು, ಮೇಕೆಯೂ ಕೀಳುತ್ತದೆ (ನೀಲಗಿರಿ ಬಿಟ್ಟು). ಈ ನೆಲ ಯಾರದು, ಇದರ ಮೇಲೆ ಯಾರ ಹೊಟ್ಟೆ ನಡೆಯುತ್ತಿದೆ, ಇದನ್ನು ಯಾರಿಗೆ ಕೊಟ್ಟಿದ್ದಾರೆ ಎಂಬ ಮೂರು ಪ್ರಶ್ನೆ ಅವರ ಕೈಯಲ್ಲಿ ಗಟ್ಟಿಯಾಗಿದ್ದವು. ಆ ಕಾರಣಕ್ಕೇ ಕೋರ್ಟಿನಲ್ಲೂ ಬಯಲಿನಲ್ಲೂ ನಿಂತರು. ಮಲೆನಾಡಿನ ಅಪ್ಪಿಕೋ ಚಳವಳಿಯದೂ ಇದೇ ಕಥೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು, 38 ದಿನ ಬಿಡಲಿಲ್ಲ. ಆ ಕಾಡಿನ ಸೊಪ್ಪು ಅವರ ಅಡಿಕೆ ತೋಟಕ್ಕೆ ಬೇಕು, ಅದರ ಹಳ್ಳದ ನೀರು ಅವರ ಮನೆಗೆ ಬೇಕು. ಕೇಳಿದ ಮಾತಿನ ಮೇಲೆ 38 ದಿನ ಮಳೆಗಾಲದ ಕಾಡಿನಲ್ಲಿ ನಿಲ್ಲಲು ಯಾರಿಂದ ಆಗುತ್ತದೆ?

ಇನ್ನು ನೀಲಗಿರಿಯ ನೀರಿನ ಮಾತು. ಒಬ್ಬರು, ಈ ಮರ ಬೋರ್‌ವೆಲ್ ಇದ್ದ ಹಾಗೆ, ಇದು ಇದ್ದ ಕಡೆ ಹನಿ ನೀರೂ ಉಳಿಯದು ಎಂದರು. ಇನ್ನೊಬ್ಬರು, ಛೇ, ಎಲ್ಲ ಮರವೂ ಕುಡಿಯುವಷ್ಟೇ ಅದೂ ಕುಡಿಯುತ್ತದೆ ಎಂದರು. ಎರಡು ಕಡೆಯೂ ಸಭೆ, ಎರಡು ಕಡೆಯೂ ಚಪ್ಪಾಳೆ. ಕೊನೆಗೆ ಅಳತೆ ಮಾಡಿ ನೋಡಿದವರು ಬ್ರಿಟನ್ನಿನ ಜಲವಿಜ್ಞಾನಿಗಳು ಮತ್ತು ನಮ್ಮ ರಾಜ್ಯದ ಅರಣ್ಯ ಇಲಾಖೆಯವರು. 1980ರ ದಶಕದ ಕೊನೆಯಿಂದ ಕೆಲವು ವರ್ಷ ಶಿವಮೊಗ್ಗದ ಕಡೆಯೂ, ನಮ್ಮ ಪಕ್ಕದ ಹೊಸಕೋಟೆಯಲ್ಲೂ ಅಳೆದರು. ಅವರಿಗೆ ಸಿಕ್ಕ ಉತ್ತರ ಎರಡು ಕಡೆಯವರಿಗೂ ರುಚಿಸುವಂಥದಲ್ಲ. ಮಣ್ಣು ತೆಳುವಾಗಿರುವ ಕಡೆ, ಅಂದರೆ ಸುಮಾರು ಮೂರು ಮೀಟರಿಗೆ ಕಲ್ಲು ಸಿಗುವ ಕಡೆ, ನೀಲಗಿರಿ ಅಲ್ಲಿನ ಕುರುಚಲು ಕಾಡಿಗಿಂತ ಹೆಚ್ಚೇನೂ ನೀರು ಕುಡಿಯಲಿಲ್ಲ. ಹೊಸಕೋಟೆಯ ಹಾಗೆ ಎಂಟು ಮೀಟರ್ ಆಳದ ಮಣ್ಣಿರುವ ಕಡೆ ಬೇರೆಯೇ ಆಯಿತು. ಅಲ್ಲಿ ಮೂರು ವರ್ಷದಲ್ಲಿ ಬಿದ್ದ ಮಳೆ ಸುಮಾರು 2100 ಮಿಲಿಮೀಟರ್, ಮರ ಕುಡಿದದ್ದು ಸುಮಾರು 3400. ಮೇಲಿನ ಮಳೆಯನ್ನೂ ಕುಡಿದು, ಬೇರು ಇಳಿಸಿ ಕೆಳಗಿನ ಮಣ್ಣಿನಲ್ಲಿ ಹಿಂದಿನಿಂದ ಸೇರಿದ್ದ ತೇವವನ್ನೂ ಎಳೆಯಿತು. ರಾಗಿಗೆ ಹೋಲಿಸಿದರೆ ಮರದ ಖರ್ಚು ಸುಮಾರು ಎರಡರಷ್ಟು.

ಹಾಗಾದರೆ ಕೇಳಬೇಕಾಗಿದ್ದ ಪ್ರಶ್ನೆ ‘ನೀಲಗಿರಿ ಒಳ್ಳೆಯದೋ ಕೆಟ್ಟದೋ’ ಎಂಬುದಲ್ಲ. ‘ನಮ್ಮ ಮಣ್ಣು ಎಷ್ಟು ಆಳ, ಈ ಜಾಗದಲ್ಲಿ ಮೊದಲು ಏನಿತ್ತು, ಕಾಡೋ ರಾಗಿಯೋ’ ಎಂಬುದು. ಇದನ್ನು ತಿಳಿಯಲು ವಿಜ್ಞಾನಿಯೇ ಆಗಬೇಕಿಲ್ಲ. ಬಾವಿ ತೋಡಿದ ಒಡ್ಡರನ್ನು ಕೇಳಿದ್ದರೆ ಮಣ್ಣು ಎಷ್ಟು ಆಳ, ಎಲ್ಲಿ ಕಲ್ಲು ಎಂದು ಅಳೆದು ಹೇಳುತ್ತಿದ್ದರು. ರಾಜ್ಯದಲ್ಲಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಯೋಜನೆ ಶುರುವಾಗಿ 34 ವರ್ಷ ಕಳೆದ ಮೇಲೆ! ಬೊಡ್ಡೆ ಕೀಳಿಸಲು ಜೆ.ಸಿ.ಬಿ.ಗೆ ಗಂಟೆಗೆ ಎಷ್ಟು ಕೊಡಬೇಕೆಂದು ಕೀಳಿಸಿದವರನ್ನು ಕೇಳಿ.

ದುಡ್ಡಿನ ಸಹಾಯಕ್ಕೂ ಇದೇ ಮಾತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಲಾರಿಗಟ್ಟಲೆ ಹಳೆ ಬಟ್ಟೆ ನಾಗಪಟ್ಟಣಕ್ಕೆ ಹೋಯಿತು. ಬಹಳಷ್ಟು ರಸ್ತೆ ಬದಿಯಲ್ಲಿ ರಾಶಿ ಬಿದ್ದು ಕೊಳೆಯಿತು. ಮೀನುಗಾರರಿಗೆ ಬೇಕಾಗಿದ್ದದ್ದು ದೋಣಿ ಮತ್ತು ಬಲೆ. ಬಟ್ಟೆ ಕಳಿಸಿದವರ ಮನಸ್ಸಿನಲ್ಲಿ ದೋಷವಿರಲಿಲ್ಲ, ಅಲ್ಲಿ ಏನು ಬೇಕು ಎಂದು ಕೇಳಲು ಒಂದು ಫೋನು ಮಾಡಿದ್ದರೆ ಸಾಕಾಗುತ್ತಿತ್ತು. ನಮ್ಮ ಸಂಘಕ್ಕೂ ವರ್ಷಕ್ಕೆ ನಾಲ್ಕಾರು ರಸೀದಿ ಪುಸ್ತಕ ಬರುತ್ತವೆ. ಆಶ್ರಮ, ಗೋಶಾಲೆ, ಅಂಧ ಮಕ್ಕಳ ಶಾಲೆ. ಕೊಡಬೇಡಿ ಎಂದು ನಾವು ಹೇಳುವುದಿಲ್ಲ. ನೋಂದಣಿ ಸಂಖ್ಯೆ ಎಷ್ಟು, ಕಳೆದ ವರ್ಷದ ಲೆಕ್ಕಪತ್ರ ಇದೆಯಾ, ಒಂದು ದಿನ ಬಂದು ನೋಡಬಹುದಾ ಎಂದು ಕೇಳಿ. ನಿಜವಾಗಿ ಕೆಲಸ ಮಾಡುವವರಿಗೆ ಈ ಪ್ರಶ್ನೆ ಕೇಳಿದರೆ ಸಂತೋಷವೇ ಆಗುತ್ತದೆ, ಕೂತು ಟೀ ಕುಡಿದು ಹೇಳುತ್ತಾರೆ. ಬೇರೆಯವರಿಗೆ ಬಸ್ಸಿಗೆ ಹೊತ್ತಾಗಿರುತ್ತದೆ.

ಈಗ ಮೇಜಿನ ಮೇಲಿರುವ ಪತ್ರಗಳಿಗೆ ಬರೋಣ.

ಕೆ.ಸಿ. ವ್ಯಾಲಿ ಎಂದರೆ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆ. ಅಲ್ಲಿನ ಕೊಳಚೆ ನೀರನ್ನು ಶುದ್ಧಿ ಮಾಡಿ, ಪೈಪಿನಲ್ಲಿ ಪಂಪು ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ನಮ್ಮ ಕಡೆಯ 126 ಕೆರೆಗಳಿಗೆ ತುಂಬಿಸಬೇಕೆಂಬುದು ಯೋಜನೆ. ಮನೆಗೆ ಕೊಡಲಿಕ್ಕಲ್ಲ, ನೆಲದೊಳಗೆ ನೀರು ಇಂಗಿಸಲಿಕ್ಕೆ. ಇದು ಮುಖ್ಯ. 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ನೊರೆ ಕಾಣಿಸಿತು, ಪತ್ರಿಕೆಗಳಲ್ಲಿ ಫೋಟೋ ಬಂತು, ಹೈಕೋರ್ಟು ತಡೆ ಕೊಟ್ಟಿತು. ಆಮೇಲೆ ತಡೆ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಿತು, ಮುಂದೆ ಅದೂ ತೆರವಾಗಿ ನೀರು ಹರಿಯಿತು. ನೀರು ತುಂಬಿದ ಕೆರೆಗಳ ಅಚ್ಚುಕಟ್ಟಿನಲ್ಲಿ ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಮೇಲಕ್ಕೆ ಬಂದದ್ದು ನಿಜ. ಹೋಗಿ ನೋಡಿದವರು ನಮ್ಮಲ್ಲೇ ಇದ್ದಾರೆ.

ಇಷ್ಟು ಕೇಳಿದ ಮೇಲೆ ಮೊದಲ ಪತ್ರಕ್ಕೆ ಸಹಿ ಹಾಕೋಣ ಎನ್ನಿಸುತ್ತದೆ. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಕೊರೆಸಿ ದೂಳು ಕಂಡವರಿಗೆ ಇನ್ನೇನು ಅನ್ನಿಸಬೇಕು? ಆದರೆ ಎರಡನೆಯ ಪತ್ರವನ್ನೂ ಓದಬೇಕು.

ಕೊಳಚೆ ನೀರನ್ನು ಶುದ್ಧಿ ಮಾಡುವುದರಲ್ಲಿ ಮೂರು ಹಂತ. ಮೊದಲನೆಯದರಲ್ಲಿ ಜಾಲರಿ ಹಿಡಿದು, ನೀರನ್ನು ನಿಲ್ಲಿಸಿ, ಕಸ ಮರಳು ಗಷ್ಟು ತೆಗೆಯುತ್ತಾರೆ. ಎರಡನೆಯದರಲ್ಲಿ ಗಾಳಿ ಊದುತ್ತಾರೆ, ಆಗ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಬೆಳೆದು ನೀರಿನಲ್ಲಿ ಕರಗಿರುವ ಹೊಲಸನ್ನು ತಿಂದುಹಾಕುತ್ತವೆ. ನಮ್ಮ ಗೋಬರ್ ಗ್ಯಾಸಿನಲ್ಲಿ ಗಾಳಿ ಇಲ್ಲದೆ ನಡೆಯುವ ಕೆಲಸ ಅಲ್ಲಿ ಗಾಳಿ ಕೊಟ್ಟು ನಡೆಯುತ್ತದೆ. ಮೂರನೆಯ ಹಂತದಲ್ಲಿ ಇನ್ನೂ ಸೂಕ್ಷ್ಮವಾಗಿ ಸೋಸಿ, ಉಳಿದಿರುವ ರಂಜಕ, ಸಾರಜನಕಗಳನ್ನು ತೆಗೆದು, ರೋಗಾಣು ಕೊಲ್ಲುತ್ತಾರೆ. ಈ ಯೋಜನೆ ರೂಪುಗೊಂಡದ್ದು ಎರಡನೆಯ ಹಂತದ ನೀರಿಗೆ. ಮೂರನೆಯದೂ ಬೇಕು ಎನ್ನುವವರ ವಾದಕ್ಕೆ ಬುಡ ಇರುವುದು ಇಲ್ಲಿ. ಬೆಂಗಳೂರಿನ ಕೊಳಚೆ ಎಂದರೆ ಬರೀ ಮನೆ ಬಚ್ಚಲಿನ ನೀರಲ್ಲ, ಕಾರ್ಖಾನೆಗಳದೂ ಸೇರಿಕೊಳ್ಳುತ್ತದೆ, ಲೋಹಗಳು ಬಂದರೆ ಅವು ನಮ್ಮ ಮಣ್ಣಿನಲ್ಲಿ ಕೂರುತ್ತವೆ ಎಂಬ ಭಯ. ಬಂದ ನೀರನ್ನು ಬೇಡ ಎಂದು ನಾಳೆ ವಾಪಸು ಕಳಿಸಬಹುದು, ನೆಲಕ್ಕೆ ಇಳಿದದ್ದನ್ನು ಎತ್ತಿ ಕಳಿಸಲಾಗುವುದಿಲ್ಲ.

ಹಾಗೆಂದು ಎರಡನೆಯ ಪತ್ರದಲ್ಲಿರುವುದೆಲ್ಲ ಸರಿಯೇ? ಅದರಲ್ಲಿ ‘ನಮ್ಮ ಶುದ್ಧವಾದ ಬೋರ್‌ವೆಲ್ ನೀರು’ ಎಂದು ಒಂದು ಮಾತಿದೆ. ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ, ಕುದಿಸಿದರೂ ಹೋಗುವುದಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುವುದು ಇದರಿಂದ. ಊರೂರಿಗೆ ಶುದ್ಧ ನೀರಿನ ಘಟಕ ಬಂದದ್ದು ಯಾತಕ್ಕೆ? ಆದ್ದರಿಂದ ಶುದ್ಧ ನೀರು ಒಂದು ಕಡೆ, ಕೊಳಕು ನೀರು ಇನ್ನೊಂದು ಕಡೆ ಎಂಬ ಹೋಲಿಕೆ ನಮ್ಮ ಊರಿಗೆ ಹೊಂದುವುದಿಲ್ಲ. ಇರುವ ತೊಂದರೆ ಮತ್ತು ಬರಬಹುದಾದ ತೊಂದರೆ, ಇವೆರಡನ್ನು ತೂಗಿ ನೋಡಬೇಕಾಗಿದೆ.

ಇಲ್ಲಿ ಲ್ಯಾಕ್ಟೋಮೀಟರ್ ಮಾತು ಬೇಕಾಯಿತು. ‘ನೀರು ಪರೀಕ್ಷೆ ಮಾಡಿಸಿದೆ, ಚೆನ್ನಾಗಿದೆ’ ಎಂದು ಒಂದು ಕಡೆಯವರೂ, ‘ಪರೀಕ್ಷೆ ಮಾಡಿಸಿದೆ, ವಿಷ’ ಎಂದು ಇನ್ನೊಂದು ಕಡೆಯವರೂ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳದೆಯೇ ಹೀಗೆ ಹೇಳಬಹುದು. ಬಿ.ಓ.ಡಿ. ಎಂಬ ಪರೀಕ್ಷೆ ನೀರಿನಲ್ಲಿ ಕೊಳೆಯುವ ಹೊಲಸು ಎಷ್ಟಿದೆ ಎಂಬುದನ್ನು ತೋರಿಸುತ್ತದೆ, ಸೀಸ ಕ್ರೋಮಿಯಂ ತೋರಿಸುವುದಿಲ್ಲ. ಲೋಹದ ಪರೀಕ್ಷೆ ರೋಗಾಣು ತೋರಿಸುವುದಿಲ್ಲ. ಮಳೆಗಾಲದಲ್ಲಿ ತೆಗೆದ ನೀರು ಬೇರೆ, ಏಪ್ರಿಲ್‌ನಲ್ಲಿ ತೆಗೆದದ್ದು ಬೇರೆ. ಪೈಪಿನ ಬಾಯಲ್ಲಿ ಹಿಡಿದದ್ದು ಬೇರೆ, ಕೆರೆ ಕೋಡಿಯಲ್ಲಿ ಹಿಡಿದದ್ದು ಬೇರೆ, ಅಚ್ಚುಕಟ್ಟಿನ ಬೋರ್‌ವೆಲ್ಲಿನಲ್ಲಿ ಹಿಡಿದದ್ದು ಬೇರೆಯೇ. ಆದ್ದರಿಂದ ವರದಿ ಇದೆಯಾ ಎಂದು ಕೇಳಿ ಸುಮ್ಮನಾಗಬಾರದು. ಯಾವ ಕೆರೆ, ಯಾವ ತಿಂಗಳು, ಎಲ್ಲಿ ಹಿಡಿದ ನೀರು, ಯಾವ ಯಾವ ಪರೀಕ್ಷೆ, ಮಾಡಿದವರು ಯಾರು ಎಂದು ಕೇಳಬೇಕು. ಹಾಲಿನ ಸಂಘದವರಾದ ನಾವು ಇನ್ನೊಂದು ಪ್ರಶ್ನೆ ಸೇರಿಸಲೇಬೇಕು. ಆ ನೀರು ತುಂಬಿದ ಕೆರೆಗಳ ಕೆಳಗೆ ಬೆಳೆದ ಮೇವನ್ನೂ, ಅದನ್ನು ತಿಂದ ಹಸುವಿನ ಹಾಲನ್ನೂ ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ? ಎರಡು ಪತ್ರಗಳಲ್ಲೂ ಈ ಮಾತಿಲ್ಲ. ನಮ್ಮ ಜೀವನ ನಿಂತಿರುವುದೇ ಇದರ ಮೇಲೆ.

ಎತ್ತಿನಹೊಳೆಗೂ ಹೀಗೇ ಒಂದು ಪ್ರಶ್ನೆ ಇತ್ತು. 24 ಟಿ.ಎಂ.ಸಿ. ನೀರು ಸಿಗುತ್ತದೆ ಎಂದು ಸರ್ಕಾರದ ವರದಿ, ಒಂಬತ್ತೂವರೆಗಿಂತ ಹೆಚ್ಚಿಲ್ಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ವರದಿ. ಯೋಜನೆಗೆ ಜೈ ಎಂದವರಲ್ಲಿ, ಬೇಡ ಎಂದವರಲ್ಲಿ, ಈ ಎರಡು ಸಂಖ್ಯೆ ಯಾಕೆ ಬೇರೆ ಬೇರೆ ಎಂದು ಕೇಳಿದವರು ಎಷ್ಟು ಜನ? 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು.

ಪ್ರಶ್ನೆ ಕೇಳುವವರಿಗೆ ನಮ್ಮ ಊರುಗಳಲ್ಲಿ ಒಂದು ಕಷ್ಟ ಇದೆ. ‘ಏನಣ್ಣ, ನೀವೂ ಆ ಕಡೆಯೋರಾ?’ ಎಂದುಬಿಡುತ್ತಾರೆ. ವಿಚಾರಿಸುವುದೇ ವಿರೋಧ ಎಂಬ ಭಾವನೆ ಬಂದುಬಿಟ್ಟಿದೆ. ಇದಕ್ಕೆ ತದ್ವಿರುದ್ಧವಾದ ಕಾಯಿಲೆಯೂ ಇದೆ. ‘ವಿಚಾರ ಮಾಡೋಣ, ನೋಡೋಣ’ ಎಂದು ಹೇಳುತ್ತಾ ವರ್ಷಗಟ್ಟಲೆ ಏನೂ ಮಾಡದೆ ಇರುವುದು. ಬಣವೆಗೆ ಬೆಂಕಿ ಬಿದ್ದಾಗ ಯಾರೂ ವರದಿ ಕೇಳುವುದಿಲ್ಲ, ಕೊಡ ಹಿಡಿದು ಓಡುತ್ತಾರೆ. ಓಡಬೇಕು ಕೂಡ. ಆದರೆ ಕೆರೆ ನೀರಿನ ವಿಷಯ ಬಣವೆ ಬೆಂಕಿಯಲ್ಲ. ತಿಂಗಳು ತಡವಾದರೆ ಏನೂ ಸುಟ್ಟುಹೋಗುವುದಿಲ್ಲ.

ತಿಳಿದುಕೊಳ್ಳುವ ಕೆಲಸ ಸಹಕಾರ ಸಂಘಕ್ಕೆ ಹೊರಗಿನದೇನೂ ಅಲ್ಲ. ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ ನೇಕಾರರು ಮೊದಲಾದ ಬಡ ಕೆಲಸಗಾರರು ಸೇರಿ ಅಂಗಡಿ ತೆರೆದರಲ್ಲ, ಅವರು ತಮ್ಮ ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಸದಸ್ಯರ ಶಿಕ್ಷಣಕ್ಕೆಂದು ತೆಗೆದಿಟ್ಟರು. ಹಿಟ್ಟು, ಬೆಣ್ಣೆ ಮಾರುವ ಅಂಗಡಿಗೆ ಸೇರಿದಂತೆ ಪತ್ರಿಕೆ ಓದುವ ಕೋಣೆ ಮಾಡಿದ್ದರು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗಲೂ ಲೆಕ್ಕ ಎಲ್ಲ ಸದಸ್ಯರಿಗೂ ತೆರೆದೇ ಇರಬೇಕೆಂಬುದೇ ಸಹಕಾರದ ತತ್ವವಾಗಿತ್ತು. ಈಗಲೂ ಕಾನೂನಿನಂತೆ ನಮ್ಮ ಲಾಭದಲ್ಲಿ ಒಂದು ಪಾಲು ಸಹಕಾರ ಶಿಕ್ಷಣ ನಿಧಿಗೆ ಹೋಗುತ್ತದೆ. ಹಣ ಹೋಗುವುದನ್ನು ಪ್ರತಿ ವರ್ಷ ಜಮಾಖರ್ಚಿನಲ್ಲಿ ನೋಡುತ್ತೇವೆ. ಶಿಕ್ಷಣ ಬರುವುದನ್ನು ಇನ್ನೂ ನೋಡಬೇಕು.

ಆದ್ದರಿಂದ ಆಡಳಿತ ಮಂಡಳಿಯವರ ಜೊತೆ ಮಾತಾಡಿ, ಎರಡೂ ಪತ್ರ ತಂದ ಹುಡುಗರನ್ನು ಕೂರಿಸಿಕೊಂಡು, ಕೆಲವು ಏರ್ಪಾಡು ಮಾಡಿದ್ದೇವೆ. ಎರಡು ಕಡೆಯವರೂ ಒಪ್ಪಿದ್ದಾರೆ, ಅವರಿಗೆ ನಮ್ಮ ವಂದನೆ. ಒಂದು ತಿಂಗಳು ಎರಡೂ ಪತ್ರಕ್ಕೆ ಹೊಸ ಸಹಿ ತೆಗೆದುಕೊಳ್ಳುವುದಿಲ್ಲ. ಮಾಹಿತಿ ಹಕ್ಕು ಕಾಯಿದೆ 2005ರಲ್ಲೇ ಬಂದಿದೆ, 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ 30 ದಿನದಲ್ಲಿ ಉತ್ತರ ಕೊಡಬೇಕು. ನೀರು ತುಂಬಿದ ಕೆರೆಗಳ ಪರೀಕ್ಷಾ ವರದಿ ಕೇಳಿ ಅರ್ಜಿ ಬರೆದಾಗಿದೆ. ಬರುವ ಭಾನುವಾರ ಬೆಳಗಿನ ಹಾಲು ಮುಗಿದ ಮೇಲೆ ಟೆಂಪೋ ಹೊರಡುತ್ತದೆ. ಮೊದಲು ನೀರು ಬಂದ ಲಕ್ಷ್ಮೀಸಾಗರಕ್ಕೂ ಅದರ ಕೆಳಗಿನ ಊರುಗಳಿಗೂ ಹೋಗಿ, ಅಲ್ಲಿ ಹಸು ಕಟ್ಟಿರುವವರನ್ನೇ ಮಾತಾಡಿಸಿ ಬರೋಣ. ಬಾಡಿಗೆ ಸಂಘದ್ದು, ಬುತ್ತಿ ನಿಮ್ಮದು. ಹೆಂಗಸರಿಗೆ ಅರ್ಧ ಜಾಗ ಮೀಸಲು, ಏಕೆಂದರೆ ಹಸು ಮೇವು ಮುಟ್ಟದೆ ಬಿಟ್ಟರೆ ಮೊದಲು ಕಾಣುವುದು ಅವರ ಕಣ್ಣಿಗೆ.

ಅಲ್ಲಿಯ ಒಂದು ಬೋರ್‌ವೆಲ್ಲಿನದು, ನಮ್ಮೂರಿನ ಎರಡು ಬೋರ್‌ವೆಲ್ಲಿನದು ನೀರು ಹಿಡಿದು ಪರೀಕ್ಷೆಗೆ ಕೊಡುತ್ತೇವೆ. ಮನೆಯ ಹಳೆ ಜ್ಯೂಸ್ ಬಾಟಲಿ ತರಬೇಡಿ. ಮೋಟರು ಹಾಕಿ ಕೆಲವು ನಿಮಿಷ ನೀರು ಹರಿಯಬಿಟ್ಟು, ಶುಭ್ರವಾದ ಕ್ಯಾನನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ ಹಿಡಿಯಬೇಕು. ರೋಗಾಣು ಪರೀಕ್ಷೆಗೂ ಲೋಹದ ಪರೀಕ್ಷೆಗೂ ಪ್ರಯೋಗಾಲಯದವರೇ ಬೇರೆ ಬೇರೆ ಸೀಸೆ ಕೊಡುತ್ತಾರೆ, ಅವನ್ನು ತೊಳೆಯಬಾರದು. ರೋಗಾಣು ಪರೀಕ್ಷೆಯ ಸೀಸೆಯನ್ನು ಐಸಿನಲ್ಲಿಟ್ಟು ಅದೇ ದಿನ ಮುಟ್ಟಿಸಬೇಕು. ಎಲ್ಲ ಪ್ರಯೋಗಾಲಯದಲ್ಲೂ ಲೋಹ ನೋಡುವುದಿಲ್ಲವಾದ್ದರಿಂದ ಕಾರ್ಯದರ್ಶಿಗಳು ಮೊದಲೇ ವಿಚಾರಿಸಿಕೊಂಡು ಬರುತ್ತಾರೆ.

ವರದಿ ಬಂದ ಮೇಲೆ ಫ್ಯಾಟಿನ ಪಟ್ಟಿ ಅಂಟಿಸುವ ಬೋರ್ಡಿನಲ್ಲೇ ಅಂಟಿಸುತ್ತೇವೆ. ಓದಲು ಬಾರದವರಿಗೂ, ಕನ್ನಡಕ ಮನೆಯಲ್ಲಿ ಬಿಟ್ಟು ಬರುವವರಿಗೂ, ಸಂಜೆ ಹಾಲಿನ ಹೊತ್ತಿನಲ್ಲಿ ಎರಡು ಪತ್ರ ತಂದ ಹುಡುಗರೇ ಒಬ್ಬರಾದ ಮೇಲೆ ಒಬ್ಬರು ಓದಿ ಹೇಳುತ್ತಾರೆ. ಆಮೇಲೆ ಸಹಿ ನಿಮ್ಮ ಇಷ್ಟ. ಆಗಲೂ ಎರಡಕ್ಕೂ ಹಾಕುವವರಿದ್ದರೆ ಕಾರಣ ಕೇಳುತ್ತೇವೆ.

ಟೆಂಪೋಗೆ ಬರುವವರು ಹೊರಡುವ ಮುಂಚೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ.